ವೆರಿ ಗುಡ್ ಅಂದದ್ದು

ಆ ವಾಕ್ಯವನ್ನು ತಾನು ತಿದ್ದಬಾರದಿತ್ತು ಎಂದು ಯಮುನಾಳಿಗೆ ಹೊಳೆದದ್ದು ಮಾರನೆಯ ಬೆಳಿಗ್ಗೆ, ದೋಸೆ ಮಗುಚುವಾಗ. ಹೊಳೆದದ್ದೇ ತಡ, ಕೈ ಅಲ್ಲೇ ನಿಂತಿತು, ದೋಸೆಯ ಅಂಚು ಕಪ್ಪಾಯಿತು, ಬಾಯಿಂದ ಅಯ್ಯಯ್ಯೋ ಎಂಬ ಸದ್ದು ಹೊರಟಿತು. ಅದರ ಬೆನ್ನಿಗೇ ಎಲ್ಲಿಂದಲೋ ನಗುವೂ ಬಂತು. ಹಿಂದಿನ ಸಂಜೆ ತಿಪಟೂರಿನ ಬಿ.ಎಚ್. ರಸ್ತೆಯ ಬೇಕರಿಯ ಮಹಡಿಯಲ್ಲಿ ಅವಳ ಸ್ಪೋಕನ್ ಇಂಗ್ಲಿಷ್ ತರಗತಿ ಮುಗಿದಿತ್ತು. ಎಲ್ಲರೂ ಇಳಿದು ಹೋಗುತ್ತಿದ್ದರು. ಅವಳು ಬೀಗ ಕೈಯಲ್ಲಿ ಹಿಡಿದು ದೀಪ ಆರಿಸುತ್ತಿದ್ದಳು. ಆಗ ಮೆಟ್ಟಿಲ ತಿರುವಿನಲ್ಲಿ ನಾಗಭೂಷಣ ನಿಂತರು. ಊರಾಚೆ ತೆಂಗಿನ ನಾರಿನ ಕಾರ್ಖಾನೆ ಇಟ್ಟುಕೊಂಡಿರುವ, ನಾರಿನ ಪುಡಿಯ ಇಟ್ಟಿಗೆಗಳನ್ನು ಹೊರದೇಶಕ್ಕೆ ಕಳಿಸುವ, ಆ ದೇಶದವರು ಫೋನು ಮಾಡಿದಾಗ ಬೆವರುತ್ತಿದ್ದರಿಂದಲೇ ಇಂಗ್ಲಿಷ್ ಕಲಿಯಲು ಬಂದು ಸೇರಿದ ನಾಗಭೂಷಣ. ಐವತ್ತು ಹತ್ತಿರವಾದ ಮನುಷ್ಯ, ಹೆಂಡತಿ ತೀರಿಕೊಂಡು ಎಷ್ಟೋ ವರ್ಷಗಳಾದವರು, ಎಷ್ಟು ಒದರಿಕೊಂಡು ಬಂದರೂ ಅಂಗಿಯ ಕಾಲರಿನಲ್ಲಿ ಕಂದು ಬಣ್ಣದ ನಾರಿನ ಎಳೆಯೊಂದು ಉಳಿದೇ ಇರುತ್ತಿದ್ದವರು. ಗೋಡೆಯ ಕಡೆ ನೋಡಿಕೊಂಡು ಅವರು ಹೇಳಿದ್ದರು: "ಮೇಡಂ, ಐ ಆಮ್ ವಾಂಟಿಂಗ್ ಟು ಟೆಲ್ ಯೂ ಸಮ್‌ಥಿಂಗ್ ಸಿನ್ಸ್ ಲಾಂಗ್." ಅದಕ್ಕೆ ಅವಳು ಏನು ಅಂದಳು? ಏನು ಹೇಳಬೇಕಾಗಿತ್ತು ಎಂದು ಕೇಳಿದಳೇ? ಇಲ್ಲ. ಬೀಗವನ್ನೇ ಬೆತ್ತದ ಹಾಗೆ ಎತ್ತಿ, "ಐ ಹ್ಯಾವ್ ಬೀನ್ ವಾಂಟಿಂಗ್ ಟು ಟೆಲ್ ಯೂ ಸಮ್‌ಥಿಂಗ್ ಫಾರ್ ಎ ಲಾಂಗ್ ಟೈಮ್. ಅಗೇನ್," ಎಂದಳು. ಅವರು ಒಂದು ಗಳಿಗೆ ಅವಳ ಮುಖ ನೋಡಿ, ಕೈಕಟ್ಟಿಕೊಂಡು, ಒಂದಕ್ಷರ ತಪ್ಪದೆ ಇಡೀ ವಾಕ್ಯ ಒಪ್ಪಿಸಿದರು. ಅವಳು "ವೆರಿ ಗುಡ್" ಎಂದಳು. ಅವರು "ಥ್ಯಾಂಕ್ಯೂ ಮೇಡಂ" ಎಂದು ಮೆಟ್ಟಿಲಿಳಿದು ಹೋದರು. ಅವಳು ಬೀಗ ಹಾಕಿ, ಕೆಳಗೆ ಖಾರದ ಬನ್ನು ಕಟ್ಟಿಸಿಕೊಂಡು, ಮನೆಗೆ ಹೋಗಿ, ಅವ್ವನಿಗೆ, ಇವತ್ತು ನಮ್ಮ ಕ್ಲಾಸಲ್ಲಿ ಒಬ್ಬರು ಬಾಳಾ ಕಷ್ಟದ ವಾಕ್ಯವೊಂದನ್ನು ಸರಿಯಾಗಿ ಹೇಳಿದರು ಎಂದು ಹೆಮ್ಮೆಯಿಂದ ಹೇಳಿ, ಹಾಯಾಗಿ ನಿದ್ದೆಯನ್ನೂ ಮಾಡಿದ್ದಳು.

"ಅದೇನೇ ಅದು, ಒಬ್ಬಳೇ ನಗಾಡ್ತಿದೀಯ?" ಹೊರಗೆ ಬಿಸಿಲಿಗೆ ಕೂತಿದ್ದ ಅವ್ವ ಮುದ್ದಕ್ಕ ಕೂಗಿದಳು. "ದೋಸೆ ಸೀದ್ ವಾಸ್ನೆ ಬತ್ತೈತೆ."

"ಏನಿಲ್ಲ ಕಣವ್ವ, ಒಂದು ವಾಕ್ಯ ನೆನಪಾಯ್ತು."

"ವಾಕ್ಯಕ್ಕೂ ನಗ್ತಾರೇನೇ," ಎಂದಳು ಅವ್ವ.

ಬಿಳಿಗೆರೆಯ ಹೈಸ್ಕೂಲಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೋಟಗಳು ಹಿಂದಕ್ಕೆ ಓಡುತ್ತಿದ್ದವು. ಮರಮರದ ನಡುವೆ ಹೊಗೆಯಂಥ ಮಂಜು ಇನ್ನೂ ಕೂತಿತ್ತು. ಬಹಳ ದಿನದಿಂದ ಹೇಳಬೇಕು ಅಂತಿದ್ದೀನಿ. ನಾಗಭೂಷಣ ಹೇಳಿದ್ದು ಇಷ್ಟೆ. ಕನ್ನಡವನ್ನು ಹಾಗೇ ಎತ್ತಿ, ನಾರು ಒದರಿ, ಇಂಗ್ಲಿಷಿನ ಚೀಲಕ್ಕೆ ತುಂಬಿದ್ದರು. ವಾಂಟ್ ಎಂಬ ಕ್ರಿಯಾಪದಕ್ಕೆ ಆಮ್ ಸೇರಿಸಿ ಇಂಗ್ ಹಚ್ಚಬಾರದು ಎಂದು ಅವಳು ಇಪ್ಪತ್ತು ವರ್ಷದಿಂದ ಹೇಳಿಕೊಡುತ್ತ ಬಂದಿದ್ದಳು: ಬೇಕು ಅನ್ನುವುದು ಮನಸ್ಸಿನ ಸ್ಥಿತಿ, ಕೆಲಸವಲ್ಲ, ನಾನು ಓಡುತ್ತಿದ್ದೇನೆ ಎನ್ನಬಹುದು, ನಾನು ಬೇಕೆನ್ನುತ್ತಿದ್ದೇನೆ ಎನ್ನಲಾಗದು. ಆದರೆ ಈ ಬಸ್ಸಿನಲ್ಲಿ ಕೂತು ಯೋಚಿಸಿದರೆ ಅದೆಂಥ ಸುಳ್ಳು ನಿಯಮ. ಬೇಕು ಎನ್ನುವುದೇ ಕೆಲಸ. ಬೆಳಿಗ್ಗೆ ಎದ್ದು ಕಾರ್ಖಾನೆಯ ಬಾಗಿಲು ತೆಗೆದು, ಸಿಪ್ಪೆಯ ರಾಶಿಯ ಮುಂದೆ ನಿಂತು, ಸಂಜೆ ಅಂಗಿ ಬದಲಿಸಿ, ಎಲ್ಲ ಕೆಲಸದ ನಡುವೆಯೂ ಬೇಕೆನ್ನುತ್ತಲೇ ಇರುವುದು ಸಣ್ಣ ಕೆಲಸವೇನಲ್ಲ. ಆದರೆ ಏನು ಬೇಕು? ಫ್ಯಾನು ಸದ್ದು ಮಾಡುತ್ತದೆ ಎಂದು ಹೇಳಬೇಕಾಗಿತ್ತೋ ಏನೋ. ಫೀಜಿನ ವಿಷಯವಿರಬಹುದು. ಮೇಡಂ, ನೀವು ಬಾಳಾ ವೇಗವಾಗಿ ಮಾತಾಡ್ತೀರಿ ಎಂದಿರಬಹುದು. ಹಾಗಾದರೆ ಗೋಡೆ ನೋಡಿಕೊಂಡು ಯಾಕೆ ಹೇಳಬೇಕು? ಫ್ಯಾನಿನ ವಿಷಯ ಹೇಳುವವರು ಫ್ಯಾನನ್ನು ನೋಡುತ್ತಾರೆ. ಅವಳಿಗೆ ಮತ್ತೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಂಡಕ್ಟರು ಮುಂದೆ ನಿಂತು, "ಎಲ್ಲಿಗೆ ಮೇಡಂ?" ಎಂದು ಕೇಳುತ್ತಿದ್ದ, ಎಷ್ಟು ಹೊತ್ತಿನಿಂದ ಕೇಳುತ್ತಿದ್ದನೋ. "ಹೇಳಬೇಕು ಅಂತಿದ್ದೆ," ಎಂದುಬಿಟ್ಟಳು. ಹಿಂದಿನ ಸೀಟಿನಿಂದ ಯಾರೋ ಕಿಸಕ್ಕೆಂದರು. "ಹೇಳಿ ಮತ್ತೆ, ಅದಕ್ಕೇ ನಿಂತಿದೀನಿ," ಎಂದ ಕಂಡಕ್ಟರು. "ಬಿಳಿಗೆರೆ," ಎಂದಳು, ಕೆನ್ನೆ ಬಿಸಿಯಾಗಿತ್ತು.

ಈ ತಿದ್ದುವ ಚಟ ಎಂದಿನದು? ಹುಳಿಯಾರಿನ ಕಡೆಯ ಹಟ್ಟಿಯಲ್ಲಿ ಅವಳಿನ್ನೂ ಹುಡುಗಿ. ಅಪ್ಪ ಗೊಲ್ಲರಪ್ಪ ಶಾಲೆಯ ಮೇಷ್ಟರ ಮನೆಗೆ ಹಾಲು ತೆಗೆದುಕೊಂಡು ಹೋದಾಗ ಅವಳೂ ಜೊತೆಗಿದ್ದಳು. "ಆಲು ತಂದಿವ್ನಿ ಸ್ವಾಮಿ," ಎಂದ ಅಪ್ಪ. "ಆಲು ಅಲ್ಲಪ್ಪ, ಹಾಲು," ಎಂದಳು ಇವಳು, ಹಾ ಎಂಬುದಕ್ಕೆ ಎದೆಯ ಉಸಿರನ್ನೆಲ್ಲ ಹಾಕಿ. ಮೇಷ್ಟರು ಬೆನ್ನು ತಟ್ಟಿದರು. ಅಪ್ಪನೂ ನಕ್ಕ, ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಆ ಮನೆಗೆ ಹೋದಾಗಲೆಲ್ಲ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು, ಮಾತಾಡದೆ, ಕೆಮ್ಮಿ ಗೊತ್ತುಮಾಡುತ್ತಿದ್ದ. ಬಸ್ಸು ಹಳ್ಳವೊಂದಕ್ಕೆ ಇಳಿದು ಎದ್ದಿತು. ಅವಳ ನಗು ಅರ್ಧದಲ್ಲಿ ನಿಂತಿತು; ನಿಂತದ್ದು ಇಳಿಯುವಾಗ ಮತ್ತೆ ಶುರುವಾಯಿತು. ಇದೆಂಥ ದಿನ, ನಗಬಾರದ್ದಕ್ಕೂ ನಗು ಬರುವ ದಿನ.

ಹತ್ತನೆಯ ತರಗತಿಗೆ ಅಂದು ಕಲಿಸಬೇಕಾಗಿದ್ದದ್ದು ಇನ್ಫಿನಿಟಿವ್ ಆಗಿರಬೇಕೆ? ಆಗಿತ್ತು. ಕ್ರಿಯಾಪದದ ಮುಂದೆ ಟು ಹಾಕಿದರೆ ಅದಕ್ಕೆ ಕಾಲವೂ ಇಲ್ಲ, ಮಾಡುವವರೂ ಇಲ್ಲ ಎಂದು ಅವಳು ವಿವರಿಸಿದಳು. ಟು ಗೋ ಅಂದರೆ ಹೋಗುವುದು. ಯಾರು ಹೋಗುವುದು, ನಿನ್ನೆಯೋ ನಾಳೆಯೋ, ಗಂಡಸೋ ಹೆಂಗಸೋ, ಅದು ಹೇಳುವುದಿಲ್ಲ. ಹೇಳುತ್ತ ಹೇಳುತ್ತ ಅವಳಿಗೇ ಅದರ ಮೇಲೆ ಹೊಟ್ಟೆಕಿಚ್ಚಾಯಿತು. ಎಷ್ಟು ಹಗುರ. ಯಾರ ಮಗಳೂ ಅಲ್ಲದ, ಯಾವ ಹಟ್ಟಿಗೂ ಸೇರದ, ನಲವತ್ತಮೂರು ತುಂಬದ ಕ್ರಿಯಾಪದ. ಕನ್ನಡದಲ್ಲಾದರೆ ಬಂದಳು, ಬಂದರು, ಬಂದ ಎಂದು ಪ್ರತಿಯೊಂದು ಬರುವಿಕೆಯ ಬಾಲದಲ್ಲೂ ಒಬ್ಬರು ನೇತಾಡುತ್ತಿರುತ್ತಾರೆ. ಒಬ್ಬ ಮನುಷ್ಯನ ಬಗ್ಗೆ ಸುಮ್ಮನೆ ಯೋಚಿಸುವುದಕ್ಕೂ ಅವನು ಎನ್ನಲೋ ಅವರು ಎನ್ನಲೋ ಎಂದು ಮೊದಲು ತೀರ್ಮಾನಿಸಬೇಕು. ಬೋರ್ಡಿನ ಮೇಲೆ ಒಂದು ವಾಕ್ಯ ಬರೆದಳು: ಮೈ ಗ್ರ್ಯಾಂಡ್‌ಮದರ್ ಡಿಸೈಡೆಡ್ ಟು ಡ್ಯಾನ್ಸ್. ಇದರಲ್ಲಿ ಸಡನ್ಲಿ ಎಂಬ ಪದವನ್ನು ಎಲ್ಲಿ ಕೂರಿಸುತ್ತೀರಿ ಎಂದು ಕೇಳಿದಳು. ಮಕ್ಕಳು ಅದನ್ನು ಅಜ್ಜಿಯ ಮುಂದೆ, ಅಜ್ಜಿಯ ಹಿಂದೆ, ಕುಣಿತದ ಕೊನೆಗೆ ಕೂರಿಸಿದರು; ಒಬ್ಬನಂತೂ ಟುಗೂ ಡ್ಯಾನ್ಸಿಗೂ ನಡುವೆ ತುರುಕಿದ. ಎಲ್ಲಿಟ್ಟರೂ ಒಂದೇನಾ ಎಂದು ಕೇಳಿದಾಗ ಪವಿತ್ರಾ ಎಂಬ ಹುಡುಗಿ ಎದ್ದು ನಿಂತಳು.

"ಒಂದೇ ಅಲ್ಲ ಮಿಸ್. ಸಡನ್ಲಿ ಡಿಸೈಡೆಡ್ ಅಂದ್ರೆ ಅಜ್ಜಿಗೆ ತಟ್ಟನೆ ಮನ್ಸಾಯ್ತು ಅಂತ. ಡ್ಯಾನ್ಸ್ ಸಡನ್ಲಿ ಅಂದ್ರೆ ಅಜ್ಜಿ ಬಾಳಾ ದಿನದಿಂದ ಅಂದ್ಕಂಡಿತ್ತು, ಯಾರ್ಗೂ ಹೇಳಿರ್ಲಿಲ್ಲ, ಕುಣಿದಿದ್ದು ಮಾತ್ರ ತಟ್ಟನೆ."

ಇಡೀ ತರಗತಿ ನಕ್ಕಿತು. ಯಮುನಾ ಎಲ್ಲರಿಗಿಂತ ಹೆಚ್ಚು ನಕ್ಕಳು. ಬಹಳ ದಿನದಿಂದ ಅಂದುಕೊಂಡು ಒಂದು ಸಂಜೆ ಮೆಟ್ಟಿಲ ತಿರುವಿನಲ್ಲಿ ತಟ್ಟನೆ ಕುಣಿದುಬಿಡುವುದು. ಕುಣಿದದ್ದನ್ನು ನೋಡಿ, ಹೆಜ್ಜೆ ತಪ್ಪಿದೆ, ಇನ್ನೊಮ್ಮೆ ಕುಣಿಯಿರಿ ಎಂದು ಒಬ್ಬಳು ಬೀಗ ಎತ್ತುವುದು. ಕಣ್ಣಲ್ಲಿ ನೀರು ಬಂತು, ಮೇಜು ಹಿಡಿದುಕೊಂಡಳು. ಬಾಗಿಲಲ್ಲಿ ಮುಖ್ಯೋಪಾಧ್ಯಾಯ ದೊಡ್ಡರಂಗಯ್ಯನವರು ಕಾಣಿಸಿಕೊಂಡಾಗ ಮಕ್ಕಳು ಥಟ್ಟನೆ ಸುಮ್ಮನಾದರು, ಅವಳೊಬ್ಬಳು ಸುಮ್ಮನಾಗಲಾರದೆ ಹೋದಳು.

"ಏನ್ ಮೇಡಂ? ಹುಷಾರಾಗಿದೀರಾ?"

"ಗ್ರಾಮರ್, ಸಾರ್," ಎಂದಳು ಕಣ್ಣೊರೆಸಿಕೊಳ್ಳುತ್ತ.

ದೊಡ್ಡರಂಗಯ್ಯನವರು ಬೋರ್ಡು ನೋಡಿದರು, ಅಲ್ಲಿ ಕುಣಿಯಲು ತೀರ್ಮಾನಿಸಿದ್ದ ಅಜ್ಜಿಯನ್ನು ಓದಿಕೊಂಡರು, ಹೊರಟು ಹೋದರು. ಅವರು ಹೋದ ಮೇಲೆ ಅವಳಿಗೆ ನಾಚಿಕೆಯಾಯಿತು. ಮುಂದಿನ ಪೀರಿಯಡ್ಡಿನ ಮಟ್ಟಿಗೆ ಗಂಭೀರವಾಗಿದ್ದಳು.

ಊಟದ ಬಿಡುವಿನಲ್ಲಿ ಫೋನು ತೆಗೆದಾಗ ಸಂಜೆ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಬೂದು ಬಣ್ಣದ ಸಾಲಿತ್ತು. ಗುರುತಿಗೆ ಇರಲಿ ಎಂದು ನಾಗಭೂಷಣರ ಹೆಸರನ್ನು ಅವಳು ಫೋನಿನಲ್ಲಿ ಹೀಗೆ ಬರೆದುಕೊಂಡಿದ್ದಳು: ನಾಗಭೂಷಣ ನಾರು. ನಾಗಭೂಷಣ ನಾರು ಲೆಫ್ಟ್. ಅಷ್ಟೇ. ಅವಳು ಮುದ್ದೆಯ ಡಬ್ಬಿ ಮುಚ್ಚಿದಳು. ಲೆಫ್ಟ್ ಅಂದರೆ ಹೇಗೆ? ಸಿಟ್ಟಿನಿಂದಲೇ, ಬೇಸರದಿಂದಲೇ, ಆಕಸ್ಮಿಕವಾಗಿ ಬೆರಳು ತಾಗಿಯೇ? ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣ ಇಲ್ಲದೆಯೂ ವಾಕ್ಯ ಪೂರ್ತಿಯಾಗುತ್ತದೆ ಎಂದು ಹೇಳಿಕೊಟ್ಟವಳು ತಾನೇ. ಇಷ್ಟು ಕ್ರೂರವಾಗಿ ಪೂರ್ತಿಯಾಗುತ್ತದೆ ಎಂದು ಗೊತ್ತಿರಲಿಲ್ಲ. ಆ ಒಣ ಸಾಲಿಗೆ ಅವಳು ತಾನೇ ಒಂದೊಂದು ಪದ ಅಂಟಿಸಿ ನೋಡಿದಳು. ಸೈಲೆಂಟ್ಲಿ ಲೆಫ್ಟ್. ಆಂಗ್ರಿಲಿ ಲೆಫ್ಟ್. ಅಪ್ಪ ಕೆಮ್ಮಿ ಪಾತ್ರೆ ಇಟ್ಟು ಹೋದಂತೆ ಲೆಫ್ಟ್. ಅದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಇಲ್ಲ. ಫೋನು ಮಾಡಿಬಿಡೋಣ ಎಂದು ನಂಬರು ಒತ್ತಲು ಹೋದಳು; ಒತ್ತಿ ಏನು ಕೇಳುವುದು? ಸ್ವಾಮಿ, ನಿನ್ನೆ ಎರಡನೆಯ ವಾಕ್ಯ ಬಾಕಿ ಇತ್ತಲ್ಲ, ಅದೇನು ಎಂದೇ? ಫೋನು ಚೀಲಕ್ಕೆ ಹಾಕಿದಳು. ಒಬ್ಬ ಮನುಷ್ಯ ತರಗತಿ ಬಿಟ್ಟದ್ದಕ್ಕೆ ಊಟ ಸೇರದೆ ಹೋಗುವುದು. ಎಷ್ಟು ಜನ ಬಿಟ್ಟಿಲ್ಲ. ಮೊಬೈಲ್ ಅಂಗಡಿಯ ಅರುಣ್ ಕುಮಾರ್ ಹೋದ ತಿಂಗಳು ಬಿಟ್ಟಾಗ ಅವಳು ಗಮನಿಸಿಯೂ ಇರಲಿಲ್ಲ.

ಸಂಜೆ ತಿಪಟೂರಿನಲ್ಲಿ ಇಳಿದವಳು ನೇರ ತರಗತಿಗೆ ಹೋಗದೆ ಬೇಕರಿಯ ಎದುರಿನ ಪುಷ್ಪಲತಾಳ ಬ್ಯೂಟಿ ಪಾರ್ಲರಿಗೆ ನುಗ್ಗಿದಳು. ಪುಷ್ಪಲತಾ ಅವಳ ತರಗತಿಯಲ್ಲೇ ಕಲಿಯುವವಳು. ನಿನ್ನೆ ಮೆಟ್ಟಿಲಲ್ಲಿ ನಾಗಭೂಷಣರ ಹಿಂದೆಯೇ ಇದ್ದವಳು. ಸುಮ್ಮನೆ ಬಂದೆ ಎನ್ನಲು ಬಾಯಿ ಬರಲಿಲ್ಲ, "ಹುಬ್ಬು," ಎಂದಳು. ಹಿಂದೆಂದೂ ಹುಬ್ಬು ತೆಗೆಸದವಳು. ಪುಷ್ಪಲತಾ ಕಣ್ಣರಳಿಸಿ, ಕುರ್ಚಿಗೆ ಕೂರಿಸಿ, ಹಣೆಗೆ ಪೌಡರು ಬಡಿದು, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಹುಬ್ಬಿನ ಚರ್ಮವನ್ನು ಯಮುನಾಳೇ ಎರಡು ಕೈಯಿಂದ ಎಳೆದು ಹಿಡಿಯಬೇಕಾಗಿತ್ತು. ಚುರುಚುರು ಎಂದು ಕೂದಲು ಕೀಳುತ್ತಿದ್ದಂತೆ ಕಣ್ಣೀರು ತಾನಾಗಿ ಇಳಿಯತೊಡಗಿತು. ಅಳುವುದಕ್ಕೆ ಇಷ್ಟು ಮರ್ಯಾದೆಯ ಜಾಗ ಇನ್ನೊಂದಿಲ್ಲ ಅನ್ನಿಸಿತು.

"ನಿನ್ನೆ ನೋಡಿದ್ಯಾ ನೀನು?" ಎಂದಳು ಯಮುನಾ, ಕಣ್ಣು ಮುಚ್ಚಿಕೊಂಡೇ.

ಪುಷ್ಪಲತಾ ದಾರ ಬಿಟ್ಟಳು. "ನೋಡ್ದೆ ಏನ್ ಮೇಡಂ! ಎಂಥಾ ಕೆಲ್ಸ ಮಾಡ್‌ಬುಟ್ರಿ ಕಣ್ರೀ ನೀವು. ಆ ಮನುಷ್ಯ ಒಂದು ವಾರದಿಂದ ಅದನ್ನ ಬಾಯಿಪಾಠ ಮಾಡ್ತಿದ್ರು."

"ಬಾಯಿಪಾಠ?"

"ಇದೇ ಬಾಗ್ಲಲ್ಲಿ ನಿಂತ್ಕಂಡು. ಒಳಗ್ ಬನ್ನಿ ಅಂದ್ರೆ ಹೆಂಗಸ್ರ ಪಾರ್ಲರು ಅಂತ ನಾಚ್ಕಂಡು ಅಲ್ಲೇ. ಆ ಸೆಂಟೆನ್ಸು ಹೇಳ್ಕೊಟ್ಟಿದ್ದೇ ನಾನು ಕಣ್ರೀ! ಐ ಆಮ್ ವಾಂಟಿಂಗ್ ಅಂತ. ನೀವು ಅವ್ರಿಗೆ ತಪ್ಪು ಅಂದ್ರಲ್ಲ, ನನಗೆ ಮೆಟ್ಲ ಮೇಲೆ ಕುಸಿದ್ಹಂಗಾಯ್ತು. ಅದು ನಂದು ತಪ್ಪು."

ಯಮುನಾ ಕಣ್ಣು ತೆರೆದಳು. ಕನ್ನಡಿಯಲ್ಲಿ ಹಣೆಯ ತುಂಬ ಬಿಳಿ ಪೌಡರಿದ್ದ, ಒಂದು ಹುಬ್ಬು ಗೀಟೆಳೆದಂತೆ ನುಣ್ಣಗಾಗಿ ಇನ್ನೊಂದು ಕಾಡಾಗಿಯೇ ಉಳಿದ ಹೆಂಗಸೊಬ್ಬಳು ಅವಳನ್ನು ನೋಡುತ್ತಿದ್ದಳು. ತನ್ನ ತರಗತಿಯಲ್ಲಿ ಒಂದು ವರ್ಷದಿಂದ ಕಲಿತವಳು ಬಾಗಿಲಲ್ಲಿ ಆ ತಪ್ಪನ್ನು ಹಂಚುತ್ತಿದ್ದಾಳೆ. ಅಂದರೆ ತಪ್ಪು ಯಾರದು? ಸುತ್ತಿ ಸುತ್ತಿ ಅದು ಬಂದು ತನ್ನ ಮಡಿಲಲ್ಲೇ ಕೂತಿತು. ಅವಳಿಗೆ ನಗುವುದೋ ಬೇಡವೋ ತಿಳಿಯಲಿಲ್ಲ. ಪುಷ್ಪಲತಾ ಮೊದಲು ನಕ್ಕಳು, ಆಮೇಲೆ ಇಬ್ಬರೂ ತಡೆಯಲಾರದೆ ನಕ್ಕರು.

"ಏನ್ ಹೇಳ್ಬೇಕಂತಿದ್ರು ಅವ್ರು?"

"ಅದು ನಂಗೊತ್ತಿಲ್ಲ ಮೇಡಂ. ಮೊದಲ್ನೇ ಸೆಂಟೆನ್ಸ್ ಮಾತ್ರ ನಂದು. ಎರಡ್ನೇದು ಅವ್ರೇ ಮಾಡ್ಕಂಡಿದ್ರು. ತೋರ್ಸಿ ಅಂದ್ರೆ ತೋರಿಸ್ಲಿಲ್ಲ." ಪುಷ್ಪಲತಾ ಮತ್ತೆ ದಾರ ಕಚ್ಚಿ ಬಗ್ಗಿದವಳು, ಬಾಗಿಲ ಗಾಜಿನ ಕಡೆ ನೋಡಿ ಅಲ್ಲೇ ತಡೆದಳು. ದಾರ ಬಾಯಲ್ಲಿಟ್ಟುಕೊಂಡೇ ಏನೋ ಅಂದಳು, ಅರ್ಥವಾಗಲಿಲ್ಲ. ಕೈ ತೋರಿಸಿದಳು.

ರಸ್ತೆಯಾಚೆ, ಬೇಕರಿಯ ಪಕ್ಕದ ಮೆಟ್ಟಿಲ ಬುಡದಲ್ಲಿ, ನಾಗಭೂಷಣ ನಿಂತಿದ್ದರು. ಮೇಲೆ ಹತ್ತುತ್ತಲೂ ಇಲ್ಲ, ಹೋಗುತ್ತಲೂ ಇಲ್ಲ. ಒಂದು ಕಾಲು ಮೊದಲ ಮೆಟ್ಟಿಲ ಮೇಲಿಟ್ಟು ಮತ್ತೆ ತೆಗೆದರು. ಬೈಕಿನ ಕಡೆ ಎರಡು ಹೆಜ್ಜೆ ಹಾಕಿದರು. ಯಮುನಾ ಎದ್ದದ್ದು, ಕೊರಳಿಗೆ ಕಟ್ಟಿದ್ದ ಟವೆಲನ್ನು ಕಿತ್ತು ಪುಷ್ಪಲತಾಳ ಕೈಗೆ ತುರುಕಿದ್ದು, ಬಾಗಿಲು ದೂಡಿದ್ದು, ಇವೆಲ್ಲ ಒಂದೇ ಕ್ರಿಯಾಪದದ ಹಾಗೆ ನಡೆದುಹೋದವು. ಬಿ.ಎಚ್. ರಸ್ತೆಯಲ್ಲಿ ಕೊಬ್ಬರಿ ಮೂಟೆಯ ಲಾರಿಯೊಂದು ಹಾರನ್ನು ಹೊಡೆಯಿತು, ಸ್ಕೂಟರಿನವನೊಬ್ಬ ಬೈದ; ಅವಳು ನಡುರಸ್ತೆಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ಓಡುತ್ತಿದ್ದಳು. ಸರ್ಕಾರಿ ಹೈಸ್ಕೂಲಿನ ಇಂಗ್ಲಿಷ್ ಟೀಚರು. ಯಾರು ನೋಡಿದರು, ಯಾರು ಬಿಟ್ಟರು. ಓಡುವುದರಲ್ಲಿ ಇಷ್ಟು ಸುಖವಿದೆ ಎಂಬುದು ಕುರಿಮರಿಗಳ ಹಿಂದೆ ಓಡಿದ ವಯಸ್ಸಿನ ಮೇಲೆ ಅವಳಿಗೆ ಮರೆತೇ ಹೋಗಿತ್ತು.

ನಾಗಭೂಷಣ ತಿರುಗಿ ನೋಡಿ ಬೆಚ್ಚಿದರು. "ಮೇಡಂ, ಹಣೆಗೆ ಏನಾಯ್ತು?"

"ಕ್ಲಾಸು ಬಿಟ್ಬಿಟ್ರಾ?" ಎಂದಳು, ಏದುಸಿರು ಬಿಡುತ್ತ.

"ಬಿಟ್ಟೆ."

"ನಾನು ತಿದ್ದಿದ್ದಕ್ಕಾ?"

"ಅಯ್ಯೋ, ಅದಕ್ಕಲ್ಲ ಬುಡಿ. ನೀವು ತಿದ್ದಿದ್ದು ಸರಿಯಾಗೇ ಇತ್ತು." ಅವರು ಕಾಲರು ಸರಿಮಾಡಿಕೊಂಡರು, ಎಳೆ ಅಲ್ಲೇ ಇತ್ತು. "ಮೆಟ್ಲು ಇಳೀತಾ ಅನ್ನಿಸ್ತು. ವೆರಿ ಗುಡ್ ಅಂತ ಅನ್ಸ್ಕಂಡು, ಥ್ಯಾಂಕ್ಯೂ ಮೇಡಂ ಅಂದು, ಆಮೇಲೆ ಅಂಥಾ ಮಾತ್ನ ಹೆಂಗ್ ಕೇಳಾದು? ಶಿಷ್ಯನಾಗಿದ್ಕಂಡು ಕೇಳಾ ಮಾತಲ್ಲ ಅದು. ಅದಕ್ಕೇ ಮೊದ್ಲು ಕ್ಲಾಸ್ ಬಿಟ್ಟೆ. ಬಿಟ್ಮೇಲೆ ಮೇಲೆ ಹತ್ತಾದೋ ಬ್ಯಾಡ್ವೋ ಅಂತ ನಿಂತಿದೀನಿ."

"ಅಂಥಾ ಮಾತು ಅಂದ್ರೆ?"

ಅವರು ಗೋಡೆಯ ಕಡೆ ತಿರುಗಿದರು. ಬೇಕರಿಯವನು ಗಿರಾಕಿಯೊಬ್ಬರಿಗೆ ಚಿಲ್ಲರೆ ಕೊಡುವುದನ್ನು ನಿಲ್ಲಿಸಿ ಇವರನ್ನೇ ನೋಡುತ್ತಿದ್ದ. ನಾಗಭೂಷಣ ಗಂಟಲು ಸರಿಮಾಡಿಕೊಂಡು ಅಂದರು: "ಐ ಆಮ್ ಲೈಕಿಂಗ್ ವೆರಿ ಮಚ್ ಟು ಬಿ ಸಿಟ್ಟಿಂಗ್ ವಿತ್ ಯೂ ಓನ್ಲಿ ಆಲ್ವೇಸ್."

ಅವಳ ತಲೆಯೊಳಗೆ ಕೆಂಪು ಪೆನ್ನು ತಾನಾಗಿ ಎದ್ದು ನಿಂತಿತು. ಲೈಕಿಂಗ್ ತಪ್ಪು. ಕ್ರಿಯಾಪದಕ್ಕೂ ಟುಗೂ ನಡುವೆ ವೆರಿ ಮಚ್ ಹೋಗಿ ಅಡ್ಡ ಕೂತಿದೆ. ಓನ್ಲಿ, ಆಲ್ವೇಸ್ ಎರಡೂ ಕೊನೆಯ ಬಸ್ಸಿಗೆ ಓಡಿಬಂದವರ ಹಾಗೆ ಬಾಗಿಲಲ್ಲಿ ಒಂದರ ಮೇಲೊಂದು ನೇತಾಡುತ್ತಿವೆ. ಅವಳು ಅದನ್ನು ಮನಸ್ಸಿನಲ್ಲೇ ಸರಿಮಾಡಿದಳು: ಐ ವುಡ್ ಆಲ್ವೇಸ್ ಲೈಕ್ ಟು ಸಿಟ್ ಓನ್ಲಿ ವಿತ್ ಯೂ. ಸರಿಯಾಯಿತು; ಸರಿಯಾದ ಕೂಡಲೇ ಉಸಿರು ಹೋಯಿತು, ಬ್ಯಾಂಕಿನಿಂದ ಬಂದ ಕಾಗದದ ಹಾಗಾಯಿತು. ತಪ್ಪಾದದ್ದನ್ನೇ ಮತ್ತೊಮ್ಮೆ ಒಳಗೊಳಗೇ ಹೇಳಿಕೊಂಡಳು. ನಿಮ್ಮ ಜೊತೇಲಿ ಮಾತ್ರವೇ, ಯಾವಾಗಲೂ. ಆ ಎರಡು ಪದ ಕೊನೆಯಲ್ಲೇ ಇರಬೇಕು. ಅವಳ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು. ನಾಗಭೂಷಣ ತಿದ್ದಿಸಿಕೊಳ್ಳಲು ಕಾಯುವವರಂತೆ ತಲೆ ತಗ್ಗಿಸಿದರು. ಅವಳು ನಾಲಗೆ ಕಚ್ಚಿ ಬಾಯಿ ಮುಚ್ಚಿದಳು.

"ಕನ್ನಡದಲ್ಲಿ ಯಾಕೆ ಹೇಳ್ಲಿಲ್ಲ?"

"ಕನ್ನಡದಲ್ಲಿ ನೀವು ಅಂದ್ರೆ ಅರ್ಜಿ ಕೊಟ್ಟಂಗಿರ್ತದೆ. ನೀನು ಅಂದ್ರೆ ಒದೆ ಬೀಳ್ತದೆ. ಇಂಗ್ಲಿಷಲ್ಲಾದ್ರೆ ಯೂ ಅಂದ್ರೆ ಮುಗೀತು."

ಅವಳು ಮೆಟ್ಟಿಲ ಕಂಬಿ ಹಿಡಿದಳು. ಸಂತೋಷವೆಂಬುದು ಇಷ್ಟು ಹೊಟ್ಟೆಯಲ್ಲಿರುತ್ತದೆಯೇ, ಜಾತ್ರೆಯ ತೊಟ್ಟಿಲು ಮೇಲಿಂದ ಕೆಳಗಿಳಿಯುವಾಗ ಆಗುವಂತೆ? ಆದರೆ ಅದರ ತಳದಲ್ಲೇ ಹಟ್ಟಿಯಿತ್ತು. "ನಮ್ಮದು ಗೊಲ್ಲರ ಹಟ್ಟಿ. ಗೊತ್ತಲ್ಲ ನಿಮಗೆ," ಎಂದಳು ಮೆಲ್ಲಗೆ. "ಬೇರೆಯವರನ್ನ ಮಾಡ್ಕೊಂಡೋರನ್ನ ನಮ್ಮೋರು ಒಳಗೆ ಕರ್ಕೊಳಲ್ಲ."

"ಗೊತ್ತು ಮೇಡಂ. ನಮ್ ಕಡೆ ಲಿಂಗಾಯ್ತರು ಏನ್ ಹಾರ ಹಾಕಲ್ಲ. ನಮ್ಮಣ್ಣ ಮನೆ ಬಾಗ್ಲಿಗ್ ಬರಬ್ಯಾಡ ಅಂತಾನೆ. ಅದಕ್ಕೇ ಹೇಳಕ್ಕೆ ಇಷ್ಟ್ ದಿನ ಹಿಡೀತು. ಅನ್ನಲಿ ಬುಡಿ ಅಂತ ಆಮೇಲ್ ಅನ್ನಿಸ್ತು."

ಸಿನ್ಸ್ ಲಾಂಗ್ ಎಂಬ ಎರಡು ತಪ್ಪು ಪದದೊಳಗೆ ಅಣ್ಣನ ಮನೆಯ ಬಾಗಿಲೂ ಇತ್ತು. ಅವಳು ಅದನ್ನು ತೆಗೆದು ಫಾರ್ ಎ ಲಾಂಗ್ ಟೈಮ್ ಹಾಕಿದ್ದಳು.

"ನಡೀರಿ," ಎಂದಳು.

"ಎಲ್ಲಿಗೆ?"

"ನಮ್ಮವ್ವನ ಹತ್ರ. ಅಲ್ಲಿ ಇಂಗ್ಲಿಷ್ ನಡೆಯಲ್ಲ."

ಎದುರುಗಡೆಯಿಂದ ಪುಷ್ಪಲತಾ, "ಮೇಡಂ, ಇನ್ನೊಂದು ಹುಬ್ಬು! ಕ್ಲಾಸು!" ಎಂದು ಕೂಗಿದಳು. "ಇವತ್ತು ಇಲ್ಲ," ಎಂದು ಯಮುನಾ ಕೈಬೀಸಿದಳು. ಎರಡಕ್ಕೂ ಅದೇ ಉತ್ತರ.

ಮನೆ ದೂರವಿರಲಿಲ್ಲ. ಅವರು ಬೈಕು ತಳ್ಳಿಕೊಂಡು, ಅವಳು ಒಂದು ಮಾರು ಅಂತರದಲ್ಲಿ, ಇಬ್ಬರೂ ನಡೆದರು. ದಾರಿಯಲ್ಲಿ ಅವರ ತುಟಿ ಅಲುಗುತ್ತಿತ್ತು. ಕನ್ನಡವನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದಾರೆ ಎಂದು ಅವಳಿಗೆ ತಿಳಿಯಿತು. ಮುದ್ದಕ್ಕ ನಡುಮನೆಯಲ್ಲಿ ಬೇಸಿನ್ನಿನ ಮುಂದೆ ಕೂತು ನೆನೆದ ಅವರೆಕಾಳು ಹಿದುಕುತ್ತಿದ್ದಳು. ಮಗಳನ್ನು ನೋಡಿ, "ಇದೇನೇ ನಿನ್ ಮಕ, ಗೋಡೆಗೆ ಸುಣ್ಣ ಹೊಡ್ದಂಗೆ," ಎಂದಳು. ಆಮೇಲೆ ಹಿಂದಿದ್ದವರನ್ನು ಕಂಡು ಸೆರಗು ಎಳೆದುಕೊಂಡಳು. ಯಮುನಾ, ಇವರು ನಾಗಭೂಷಣ, ನಾರಿನ ಕಾರ್ಖಾನೆಯವರು, ನಿನ್ನ ಹತ್ತಿರ ಏನೋ ಹೇಳಬೇಕಂತೆ ಎಂದು ಹೇಳಿ, ಗೋಡೆಗೊರಗಿ ನಿಂತಳು.

ನಾಗಭೂಷಣ ಕೈಮುಗಿದರು. "ಅವ್ವಾ, ಮದುವೆ ಆಗೋದು ಅಂತ," ಎಂದರು. ಅಲ್ಲಿಗೆ ನಿಂತುಹೋಯಿತು.

"ಒಳ್ಳೇದಪ್ಪ," ಎಂದಳು ಮುದ್ದಕ್ಕ. "ಯಾರು ಆಗೋದು?"

"ಅದೇ ಅವ್ವಾ. ಆಗೋದು ಅಂತ. ನಿಮ್ಮನ್ನ ಒಂದ್ ಮಾತು ಕೇಳೋದು ಅಂತ."

"ಆಗೋದು, ಕೇಳೋದು ಅಂದ್ರೆ ನಂಗೇನಪ್ಪ ತಿಳೀತದೆ. ಯಾರು? ಯಾರ್ನ?"

ನಾಗಭೂಷಣರ ಹಣೆಯಲ್ಲಿ ಬೆವರು ಕಾಣಿಸಿಕೊಂಡಿತು. ಹೇಳಿಕೊಡಬೇಕು ಎಂದು ಯಮುನಾಳ ಗಂಟಲವರೆಗೂ ಬಂತು. ಗೋಡೆಯನ್ನು ಬೆನ್ನಿನಿಂದ ಒತ್ತಿ ಸುಮ್ಮನಿದ್ದಳು. ಅವರು ತಲೆಯೆತ್ತಿದರು. "ನಾನವ್ವ. ನಾನು ನಿಮ್ ಮಗಳ್ನ ಮದುವೆ ಆಗ್ಬೇಕು ಅಂತಿದೀನಿ."

ಮುದ್ದಕ್ಕ ಕೈಯಲ್ಲಿದ್ದ ಕಾಳನ್ನು ಹಿದುಕಲಿಲ್ಲ, ಕೆಳಗೂ ಹಾಕಲಿಲ್ಲ. ಮಗಳ ಕಡೆ ನೋಡಿದಳು. "ನೀನೇನಂತೀಯೇ?"

ಇಪ್ಪತ್ತು ವರ್ಷದಿಂದ ಬೇರೆಯವರ ವಾಕ್ಯಗಳನ್ನು ನೇರ ಮಾಡುತ್ತ ಬಂದವಳಿಗೆ ತನ್ನದೊಂದು ಸಿಗಲಿಲ್ಲ. "ಹೂಂ ಕಣವ್ವ," ಎಂದಳು. ಸಾಲದೇನೋ ಅನ್ನಿಸಿ, "ಆಗ್ತೀನಿ. ಇವ್ರನ್ನೇ," ಎಂದು ಸೇರಿಸಿದಳು.

ಮುದ್ದಕ್ಕ ಎದ್ದು ಒಳಗೆ ಹೋದಳು. ಒಳಗೆ ನೀರಿನ ಸದ್ದಾಯಿತು, ಮೂಗು ಸೀಟಿದ ಸದ್ದಾಯಿತು. ಇಬ್ಬರೂ ನಿಂತಲ್ಲೇ ನಿಂತಿದ್ದರು. ಮುದ್ದಕ್ಕ ಮುಖ ಒರೆಸಿಕೊಂಡು ಬಂದು ಮತ್ತೆ ಬೇಸಿನ್ನಿನ ಮುಂದೆ ಕೂತಳು; ಎರಡು ಕಾಳು ಹಿದುಕಿದಳು.

"ಹಟ್ಟಿಯೋರು ನನ್ನ ಗುಡಿ ಹತ್ರ ಸೇರ್ಸಲ್ಲ, ಅದು ಗೊತ್ತಿರ್ಲಿ ನಿಮಗೆ," ಎಂದಳು. "ಸೇರಿಸ್ದೆ ಇದ್ರೆ ಹೊರಗ್ ನಿಂತೇ ಕೈಮುಗೀತೀನಿ. ಆದ್ರೆ ಯಾರೋ ಹೇಳಿ ಅವ್ರಿಗೆ ಗೊತ್ತಾಗಬಾರ್ದು. ನಾನೇ ಹೋಗಿ ಹೇಳ್ತೀನಿ. ನಾಳಿಕ್ಕೇ."

"ನಾನೂ ಬತ್ತೀನವ್ವ," ಎಂದರು ನಾಗಭೂಷಣ.

ಮುದ್ದಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬೈಸ್ಕಳಕ್ಕೆ ರೆಡಿನಾ?"

"ರೆಡಿ ಅವ್ವ."

"ನಾನೂ," ಎಂದಳು ಯಮುನಾ. ಶಾಲೆಗೆ ರಜೆ ಹಾಕಬೇಕು, ದೊಡ್ಡರಂಗಯ್ಯನವರಿಗೆ ಏನು ಕಾರಣ ಹೇಳುವುದು ಎಂದುಕೊಂಡಳು; ನಗು ಮತ್ತೆ ಹೊಟ್ಟೆಯ ತಳದಿಂದ ಏಳತೊಡಗಿತು. ಅವ್ವನ ಪಕ್ಕ ಕೂತು ಬೇಸಿನ್ನಿಗೆ ಕೈ ಹಾಕಿದಳು. ಹಿದುಕಿದ ಮೊದಲ ಕಾಳೇ ಬೆರಳ ಸಂದಿಯಿಂದ ಚಿಮ್ಮಿ ನಾಗಭೂಷಣರ ಎದೆಗೆ ಬಡಿಯಿತು. ಅವರು ಅದನ್ನು ಹೆಕ್ಕಿ, ಏನು ಮಾಡುವುದೆಂದು ತಿಳಿಯದೆ, ಅಂಗೈಯಲ್ಲಿಟ್ಟುಕೊಂಡು ನಿಂತರು.

"ನಿಂತೇ ಇದೀಯಲ್ಲಪ್ಪ, ಕೂತ್ಕ," ಎಂದಳು ಮುದ್ದಕ್ಕ. "ಕಾರೈತಾ ನಿನ್ ಹತ್ರ?"

"ಕಾರಿಲ್ಲವ್ವ. ಟೆಂಪೋ ಐತೆ, ನಾರು ತುಂಬೋದು."

"ಮುಂದ್ಗಡೆ ಸೀಟಲ್ಲಿ ಮೂರ್ ಜನ ಹಿಡೀತಾರಾ?"

"ಒತ್ಕಂಡ್ ಕೂತ್ರೆ ಹಿಡೀತಾರೆ."

"ಸರಿ ಹಂಗಾದ್ರೆ," ಎಂದಳು ಮುದ್ದಕ್ಕ, ಕಾಳಿನಿಂದ ಕಣ್ಣು ತೆಗೆಯದೆ. "ನಡುವೆ ನಾನು ಕೂತ್ಕತೀನಿ."